ಬೀಜ ಮಲಗುವ ಪೆಟ್ಟಿಗೆ

ಅತ್ತೆಯ ಎದೆ ಮತ್ತೆ ಓಡಲು ಶುರು ಮಾಡಿತ್ತು. ವರ್ಷಗಟ್ಟಲೆ ಗುಳಿಗೆಯ ಮಾತು ಕೇಳಿಕೊಂಡು ತನ್ನ ಪಾಡಿಗೆ ತಾನು ಬಡಿದುಕೊಂಡಿದ್ದ ಹೃದಯ ಈಚೆಗೆ ಲಂಗುಲಗಾಮು ಕಳೆದುಕೊಂಡಿತ್ತು. ಮೆಟ್ಟಿಲು ಹತ್ತಿದರೆ ಯಾರ ಎದೆಯಾದರೂ ಓಡುತ್ತದೆ. ಇದು ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸುವಾಗಲೂ ಓಡುತ್ತಿತ್ತು. "ಎದೇಲಿ ಅವಲಕ್ಕಿ ಕುಟ್ತಾ ಇದೆ ಕಣೇ," ಎಂದು ಅತ್ತೆ ಸೊಸೆಗೆ ನಗುತ್ತಲೇ ಹೇಳಿದ್ದರು. ನಕ್ಕದ್ದು ಬಾಯಿ ಮಾತ್ರ, ತುಟಿಯ ಸುತ್ತ ಮುಖ ಬಿಳಿಚಿಕೊಂಡಿತ್ತು.

ಆ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಬಡಿತದ ಗೀರುಗಳಿದ್ದ ಕಾಗದವನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಇಷ್ಟು ಕಾಲ ಹಿಡಿದಿಟ್ಟ ಔಷಧ ಈಗ ಯಾಕೆ ಕೈ ಬಿಡ್ತು ಅಂತ ನನಗೇ ತಿಳೀತಿಲ್ಲ. ಗುಳಿಗೆ ತಪ್ಪಿಸ್ತಿಲ್ಲ ತಾನೆ?"

ಈ ಪ್ರಶ್ನೆಯನ್ನು ಬೇರೆ ಯಾರಿಗೆ ಕೇಳಿದ್ದರೂ ನಡೆಯುತ್ತಿತ್ತು. ಅತ್ತೆ ನಿವೃತ್ತ ಬಸ್ ಕಂಡಕ್ಟರು, ನಿಲ್ದಾಣದಲ್ಲಿ ಸೀಟಿಯಮ್ಮ ಎಂದೇ ಹೆಸರು. ಸಂಸಾರವನ್ನೂ ಬಸ್ಸಿನ ಹಾಗೆಯೇ ನಡೆಸಿದವರು: ಬಾಗಿಲಲ್ಲಿ ನಿಲ್ಲಬಾರದು, ಇಳಿಯುವವರಿಗೆ ಮೊದಲು ದಾರಿ, ಚಿಲ್ಲರೆ ಮಾತಿಗೆ ಅವಕಾಶವಿಲ್ಲ.

"ತಪ್ಪಿಸೋದಾ? ನನ್ನ ಬಸ್ಸಲ್ಲಿ ಸ್ವಂತ ಗಂಡನೇ ಟಿಕೆಟ್ ತಪ್ಪಿಸೋಕಾಗಿಲ್ಲ. ಗುಳಿಗೆ ತಪ್ಪಿಸ್ತೀನಾ ನಾನು?"

ಪಕ್ಕದಲ್ಲಿ ನಿಂತಿದ್ದ ಸೊಸೆ ಹೌದೆಂದು ತಲೆಯಾಡಿಸಿದಳು. ಊಟವಾದ ಕೂಡಲೇ ಅತ್ತೆ ಸೀಸೆಯಿಂದ ಒಂದು ಗುಳಿಗೆ ಅಲುಗಿಸಿ ಬಾಯಿಗೆ ಎಸೆದುಕೊಳ್ಳುವುದನ್ನು ಅವಳು ದಿನವೂ ನೋಡುತ್ತಿದ್ದಳು.

"ಹಾಗಾದ್ರೆ ಔಷಧ ಸಾಲ್ತಿಲ್ಲ," ಎಂದರು ಡಾಕ್ಟರಮ್ಮ. ಅದೇ ಗುಳಿಗೆ, ಆದರೆ ಬಲ ಹೆಚ್ಚಿನದು. ಸಂಜೆಯಿಂದಲೇ ಒಟ್ಟಿಗೆ ಎರಡು. ಅತ್ತೆ ಮುಂದೆ ನಡೆದ ಮೇಲೆ ಸೊಸೆಯನ್ನು ಬಾಗಿಲಲ್ಲಿ ತಡೆದು ದನಿ ತಗ್ಗಿಸಿದರು. "ಒಂದು ಹೊತ್ತೂ ತಪ್ಪಬಾರದಮ್ಮ. ಹೀಗೇ ಓಡ್ತಿದ್ರೆ ಯಾವುದೋ ಗಳಿಗೇಲಿ ನಿಂತೇ ಬಿಡಬಹುದು."

ನಿಂತೇ ಬಿಡಬಹುದು. ಈ ಎರಡು ಪದ ಸೊಸೆಯ ಹಿಂದೆಯೇ ಮೂರನೇ ಮಹಡಿಯ ಮನೆಗೆ ಬಂದವು.

ಅತ್ತೆಗೆ ಅದೊಂದೂ ಗೊತ್ತಿಲ್ಲ. ಬಂದವರೇ ಹಳೆಯ ಸೀಸೆಯನ್ನು ಉಳಿದ ಗುಳಿಗೆಗಳ ಸಮೇತ ಕಸದ ಗಾಡಿಗೆ ಹಾಕಿಸಿದರು, ಹೊಸ ಸೀಸೆಯನ್ನು ಮೇಜಿನ ಮೇಲಿಟ್ಟು ಸ್ನಾನ ಮುಗಿಸಿದರು, ಊಟ ಮಾಡಿದರು. ಆಮೇಲೆ ಸೀಸೆಯನ್ನು ತಮ್ಮ ಹಳೆಯ ಚರ್ಮದ ಚೀಲಕ್ಕೆ ಸೇರಿಸಿ ಚಪ್ಪಲಿ ಹುಡುಕತೊಡಗಿದರು. ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ನಿವೃತ್ತರೆಲ್ಲ ಸೇರಿ ಹರಟೆ ಹೊಡೆಯುವ ದಿನ ಅದು.

"ಇವತ್ತು ಬೇಡ ಅತ್ತೆ. ಹುಷಾರಿಲ್ಲ ನಿಮಗೆ."

"ಮನೇಲಿ ನಿನ್ನ ಮುಖ ನೋಡ್ಕೊಂಡು ಕೂತ್ರೆ ಎದೆ ಇನ್ನೂ ಓಡತ್ತೆ. ಅಲ್ಲಿ ಸಂಜೆ ಚಹಾ ಜೊತೆ ಎರಡೂ ನುಂಗ್ತೀನಿ, ಸಾಕಾ?"

ಹೊರಟರು. ಫೋನನ್ನು ಎಂದಿನಂತೆ ಆರಿಸಿ ಚೀಲದ ತಳಕ್ಕೆ ಹಾಕಿದ್ದರು. ಡ್ಯೂಟಿಯಲ್ಲಿ ಫೋನ್ ಮುಟ್ಟಬಾರದೆಂಬ ನಿಯಮ ಅವರಿಗೆ ನಿವೃತ್ತಿಯ ನಂತರವೂ ನಿವೃತ್ತವಾಗಿರಲಿಲ್ಲ.

ಸೊಸೆ ಕಿಟಕಿಯ ಬಳಿಯ ತನ್ನ ಮೇಜಿಗೆ ಬಂದು ಕುಂಚ ಹಿಡಿದಳು. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಚಿತ್ರದ ಕೆಳಗೆ ಬರುವ ಎರಡೆರಡು ಸಾಲೂ ಅವಳದೇ. ಹಿಂದಿನ ವರ್ಷ ಬರೆದ ಪುಸ್ತಕವೊಂದು ಅವಳೇ ಬೆಚ್ಚಿಬೀಳುವಷ್ಟು ಹೆಸರು ಮಾಡಿತ್ತು. ಕಥೆಯೇನೂ ದೊಡ್ಡದಲ್ಲ. ಬೇಜಾರಾಗಿ ಕೂತ ಒಂದು ಕಿಟಕಿ, ಅದಕ್ಕೆ ಹೂವು ಬೆಳೆಸಿಕೊಡುವ ಒಬ್ಬ ಹುಡುಗಿ. ಅದನ್ನು ಓದಿದ ಮಕ್ಕಳಿಗೆ ಹೂವಿನ ಹುಚ್ಚು ಹಿಡಿಯಿತು. ಒಡೆದ ಬಟ್ಟಲು, ಹಳೆಯ ಬೂಟು, ಅಪ್ಪನ ಹೆಲ್ಮೆಟ್ಟು, ಏನು ಸಿಕ್ಕರೆ ಅದಕ್ಕೆ ಮಣ್ಣು ತುಂಬಿ ಬೀಜ ಬಿತ್ತಿದರು. ಶಾಲೆಯಿಂದ ಶಾಲೆಗೆ ಪುಸ್ತಕ ಹಬ್ಬಿತು. ಪ್ರಕಾಶಕರು ಹಿಗ್ಗಿ ಹೀರೇಕಾಯಿಯಾಗಿ, ಮಕ್ಕಳ ಕುಂಡಗಳ ಫೋಟೊಗಳನ್ನು ಅವಳಿಗೆ ಕಳಿಸುತ್ತಲೇ ಇದ್ದರು.

ತಮಾಷೆಯೆಂದರೆ, ಬರೆದವಳು ಮಾತ್ರ ಜನ್ಮದಲ್ಲಿ ಒಂದು ಗಿಡ ನೆಟ್ಟವಳಲ್ಲ. ಅವಳಿಗೆ ಹೂವೆಂದರೆ ಬಣ್ಣ. ಮಣ್ಣೆಂದರೆ ಉಗುರಿನ ಸಂದಿಯ ಕೊಳೆ. ಬೀಜದ ಕೋಶ ಒಡೆಯುವ ಪುಟ ಬರೆಯಬೇಕಾಗಿ ಬಂದಾಗ ಅದು ಹೇಗಿರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಪ್ರಕಾಶಕರು ಬೇಗ ಬೇಗ ಎಂದು ತಲೆ ತಿನ್ನುತ್ತಿದ್ದರು. ಆಗ ಊಟದ ಮೇಜಿನ ಮೇಲೆ ಕಂಡದ್ದು ಅತ್ತೆಯ ಗುಳಿಗೆ. ಅರ್ಧ ಕೆಂಪು, ಅರ್ಧ ಹಳದಿ. ಎಳೆದರೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ, ಒಳಗೆ ಗಸಗಸೆಗಿಂತ ತುಸು ದಪ್ಪದ ಬಿಳಿ, ಗುಲಾಬಿ ಕಾಳುಗಳು. ಎಷ್ಟು ಮುದ್ದಾಗಿದೆ! ಅದನ್ನೇ ನೋಡಿಕೊಂಡು ಬರೆದುಬಿಟ್ಟಳು. ಇಡೀ ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ ಪುಟ ಅದೇ ಆಯಿತು.

ಅತ್ತೆ ಒಂದೇ ನೋಟಕ್ಕೆ ಕಳ್ಳತನ ಹಿಡಿದಿದ್ದರು. "ಏನೇ ಇದು, ನನ್ನ ಗುಳಿಗೆ ತಂದು ಹೂವಿನ ಗಿಡಕ್ಕೆ ಕಟ್ಟಿದೀಯ?"

"ನಿಮ್ಮ ಗುಳಿಗೆಯೊಳಗೂ ಹೂವೇ ಇರೋದು ಅತ್ತೆ," ಎಂದು ಸೊಸೆ ನಕ್ಕಿದ್ದಳು. ಅತ್ತೆಯೂ ನಕ್ಕಿದ್ದರು. ಇಬ್ಬರ ನಡುವೆ ಕೂತು ಹಾಲು ಕುಡಿಯುತ್ತಿದ್ದ ಮೊಮ್ಮಗಳು ನಗಲಿಲ್ಲ. ಅವಳು ಅಮ್ಮನ ಮುಖ ನೋಡಿದಳು, ಅಜ್ಜಿಯ ಸೀಸೆ ನೋಡಿದಳು, ಹಾಲು ಮುಗಿಸಿದಳು.

ಮನೆಯಲ್ಲಿ ಆ ಹುಡುಗಿಗೆ ಚೋಟು ಎಂದೇ ಹೆಸರು. ನೋಡಲು ಚೋಟುದ್ದ, ಹಟ ಮಾತ್ರ ಮಾರುದ್ದ. ಪುಸ್ತಕ ಬಂದಾಗಿನಿಂದ ಕಿಟಕಿಯ ಹಲಗೆ ಪೂರ್ತಿ ಅವಳ ವಶದಲ್ಲಿತ್ತು. ಈಗಲೂ ಮಂಡಿಯೂರಿ ನಿಂತು ಲೋಟದಿಂದ ನೀರು ಹನಿಸುತ್ತಿದ್ದಳು. ಶಾಲೆಯಲ್ಲಿ ಕೊಟ್ಟ ಬೀಜ ಹಾಕಿದ ಕುಂಡಗಳಲ್ಲಿ ಗಿಡ ಗೇಣುದ್ದ ಬಂದಿತ್ತು. ಅವುಗಳ ಹಿಂದಿನ ಸಾಲಿನ ಮೊಸರಿನ ಡಬ್ಬಿಗಳಲ್ಲಿ ಮಾತ್ರ ಬರೀ ಒದ್ದೆ ಮಣ್ಣು.

"ಅಮ್ಮ, ಇವು ಯಾಕೆ ಏಳ್ತಾನೇ ಇಲ್ಲ?"

"ನೀರು ಜಾಸ್ತಿ ಆಗಿರಬೇಕು."

"ಪುಸ್ತಕದಲ್ಲಿ ಏಳತ್ತೆ."

ಪುಸ್ತಕದಲ್ಲಿ ಏನು ಬೇಕಾದರೂ ಏಳುತ್ತದೆ ಎಂದುಕೊಳ್ಳುತ್ತ ಅಮ್ಮ ಕೈಯಲ್ಲಿದ್ದ ಪೆನ್ಸಿಲಿನಿಂದ ಒಂದು ಡಬ್ಬಿಯ ಮಣ್ಣು ಕೆದಕಿದಳು. ಬೀಜ ಕೊಳೆತಿದೆಯೋ ಏನೋ ನೋಡೋಣವೆಂದು. ಪೆನ್ಸಿಲಿನ ತುದಿಗೆ ಬಂದದ್ದು ಸಣ್ಣ ಸಣ್ಣ ಕಾಳು. ನೀರು ಕುಡಿದು ಅರ್ಧ ಕರಗಿ ಮೆತ್ತಗಾಗಿತ್ತು. ಕೆಲವು ಬಿಳಿ, ಕೆಲವು ತಿಳಿ ಗುಲಾಬಿ.

ಅವಳು ಮುಂದಿನ ಡಬ್ಬಿ ಕೆದಕಿದಳು. ಅದರ ಮುಂದಿನದು. ಎಲ್ಲದರಲ್ಲೂ ಅದೇ. ಪೆನ್ಸಿಲು ಜಾರಿ ಕೆಳಗೆ ಬಿತ್ತು.

"ಚೋಟು! ಏನಿದು? ಅಜ್ಜಿ ಗುಳಿಗೆ ಮುಟ್ಟಿದ್ಯಾ ನೀನು?"

ದನಿ ಅವಳಿಗೇ ಗೊತ್ತಿಲ್ಲದೆ ಚಾವಣಿಗೆ ತಾಗಿತ್ತು. ಮಗು ಬೆಚ್ಚಿ ಲೋಟ ಕೈಬಿಟ್ಟಿತು.

"ಇಲ್ಲ."

"ನಿಜ ಹೇಳು! ಸೀಸೆ ತೆಗೆದಿದ್ಯಾ?"

"ಇಲ್ಲ ಅಂದ್ನಲ್ಲ!"

"ಮತ್ತೆ ಇದೇನು?"

"ಮಣಿ," ಎಂದಿತು ಮಗು. ಸರ ಪೋಣಿಸುವ ಮಣಿಯ ಡಬ್ಬಿ ಮೂಲೆಯಲ್ಲಿ ಬಿದ್ದಿದ್ದೂ ನಿಜ. ಅದರಲ್ಲೂ ಬಿಳಿ ಗುಲಾಬಿ ಮಣಿಗಳಿದ್ದದ್ದೂ ನಿಜ. ಆಟದ ಅಗ್ಗದ ಮಣಿ ನೀರಿಗೆ ಕರಗುವುದಿಲ್ಲವೆಂದು ಆಣೆ ಮಾಡಿ ಹೇಳುವವರು ಯಾರು? ಚೋಟು ಕೈಕಟ್ಟಿ ಗೋಡೆಗೆ ಮುಖ ಮಾಡಿ ಕೂತಳು. ಒಮ್ಮೆ ಹಾಗೆ ಕೂತರೆ ಅವಳ ಬಾಯಿ ಬಿಡಿಸಲು ಬ್ರಹ್ಮನಿಂದಲೂ ಆಗದು.

ಸೊಸೆ ಅತ್ತೆಗೆ ಫೋನ್ ಮಾಡಿದಳು. ಆರಿತ್ತು. ಗಂಡನಿಗೆ ಮಾಡಿದಳು. ಅವನು ಲಿಫ್ಟ್ ರಿಪೇರಿಯವನು. ಹಗಲೆಲ್ಲ ಯಾವುದೋ ಕಟ್ಟಡದ ಹೊಟ್ಟೆಯೊಳಗೆ ನೇತಾಡುತ್ತಿರುತ್ತಾನೆ, ಅಲ್ಲಿಗೆ ಯಾರ ದನಿಯೂ ಮುಟ್ಟುವುದಿಲ್ಲ. ಕೊನೆಗೆ ಡಾಕ್ಟರಮ್ಮ ಸಿಕ್ಕರು.

"ಅತ್ತೆಗೆ ಇಷ್ಟು ದಿನ ಔಷಧ ಹೊಟ್ಟೆಗೆ ಹೋಗಿಲ್ವೇನೋ ಅಂತ ಅನುಮಾನ ಡಾಕ್ಟ್ರೇ."

ಡಾಕ್ಟರಮ್ಮ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು. "ಸರಿಯಾಗಿ ಕೇಳಿಸ್ಕೊಳ್ಳಿ. ಮೈಯಲ್ಲಿ ಹಳೇ ಔಷಧ ಇದೆ ಅಂತ ನಂಬಿ ನಾನು ಇವತ್ತಿನ ಬಲ ಬರೆದಿದ್ದು. ಇಲ್ಲದೆ ಇದ್ರೆ, ಒಂದೇ ಸಲ ಎರಡು ನುಂಗಿದ್ರೆ, ಎದೆಬಡಿತ ಪಾತಾಳಕ್ಕೆ ಇಳಿಯತ್ತೆ. ನುಂಗಬಾರದು."

"ಹಾಗಾದ್ರೆ ಬೇಡ ಅಂತ..."

"ತಾಳಿ. ಅನುಮಾನ ಅಂದ್ರಲ್ಲ. ಔಷಧ ಹೋಗ್ತಾ ಇದ್ದು, ನೀವು ಇವತ್ತು ತಡೆದ್ರೆ, ಈಗಿರೋ ಓಟಕ್ಕೇ ಎದೆ ನಿಲ್ಲಬಹುದು. ಖಚಿತ ಮಾಡ್ಕೊಂಡು ಹೇಳಿ. ಬೇಗ."

ಖಚಿತ ಮಾಡಿಕೊಳ್ಳುವುದು ಎಲ್ಲಿಂದ? ಹಳೆಯ ಸೀಸೆ ಊರಾಚೆಯ ಕಸದ ರಾಶಿಯಲ್ಲಿ. ನಿಜ ಗೊತ್ತಿದ್ದದ್ದು ಲೋಕದಲ್ಲಿ ಒಬ್ಬಳಿಗೆ, ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ನುಂಗಿದರೆ ಒಂದು ಕಂಟಕ, ನುಂಗದಿದ್ದರೆ ಇನ್ನೊಂದು. ಕಿಟಕಿಯಾಚೆ ಬಿಸಿಲು ಹಳದಿಗೆ ತಿರುಗುತ್ತಿತ್ತು. ಕ್ಯಾಂಟೀನಿನಲ್ಲಿ ಚಹಾದ ಹೊತ್ತು ಹತ್ತಿರವಾಗುತ್ತಿತ್ತು.

ಹುಡುಗಿಯ ರಟ್ಟೆ ಹಿಡಿದು ಅಲುಗಿಸಿ ಕೇಳಬೇಕೆಂದು ಅಮ್ಮನ ಕೈ ತುಡಿಯಿತು. ಹಾಗೆ ಮಾಡಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಕೆಟ್ಟದಾಗಿ. ಅವಳು ಕಪಾಟಿನಿಂದ ಪುಸ್ತಕ ತೆಗೆದಳು. ನೆಲದ ಮೇಲೆ ಮಗಳ ಬೆನ್ನ ಹಿಂದೆ ಕೂತಳು. ದಿನವೂ ಓದುವ ದನಿಯನ್ನು ಎಲ್ಲಿಂದಲೋ ಎಳೆದು ತಂದಳು.

"ಒಂದಿತ್ತು ಕಿಟಕಿ. ಬರೀ ಕಿಟಕಿ. ಅದಕ್ಕೆ ಬೇಜಾರೋ ಬೇಜಾರು."

ಬೆನ್ನು ಅಲುಗಲಿಲ್ಲ. ಅವಳು ಪುಟ ತಿರುಗಿಸಿದಳು.

"ಹುಳು ಹುಡುಕಲೇ ಇಲ್ಲ," ಎಂದಿತು ಗೋಡೆಯ ಕಡೆಯಿಂದ ಒಂದು ದನಿ.

ಪ್ರತಿ ಪುಟದಲ್ಲೂ ಒಂದು ಹಸಿರು ಹುಳುವನ್ನು ಅಡಗಿಸಿಡುವುದು ಚಿತ್ರಗಾರ್ತಿಯ ಜಾಣತನವಾಗಿತ್ತು. ಹುಳು ಸಿಗದೆ ಪುಟ ತಿರುಗಿಸಬಾರದೆಂಬುದು ಚೋಟುವಿನ ಕಾನೂನು. ತನ್ನ ಜಾಣತನಕ್ಕೆ ತಾನೇ ಶಾಪ ಹಾಕುತ್ತ ಅಮ್ಮ ಪುಟವನ್ನು ಹಿಂದಕ್ಕೆ ತಿರುಗಿಸಿದಳು.

"ಎಲ್ಲಪ್ಪಾ ಹುಳು? ನನಗೆ ಕಾಣ್ತಾನೇ ಇಲ್ಲ."

ಹುಡುಗಿ ಮೆಲ್ಲನೆ ತಿರುಗಿದಳು, ಹತ್ತಿರ ಸರಿದಳು, ಬೆರಳಿಟ್ಟಳು. ಮುಂದಿನ ಪುಟ. ಅಲ್ಲೂ ಹುಳು. ಅದರ ಮುಂದಿನ ಪುಟದಲ್ಲಿ ಕಿಟಕಿ ಅತ್ತಾಗ ಚೋಟು ಎಂದಿನಂತೆ ಅದರ ಕಣ್ಣೊರೆಸಿದಳು, ನಿಧಾನವಾಗಿ, ಎರಡೂ ಕಣ್ಣು. ಅಮ್ಮನಿಗೆ ಕಿರುಚಬೇಕೆನ್ನಿಸಿತು. ನಿಲ್ದಾಣದಲ್ಲಿ ಈ ಗಳಿಗೆ ಅತ್ತೆ ಚೀಲ ಬಿಚ್ಚುತ್ತಿರಬಹುದು. ಪುಸ್ತಕ ಬರೆಯುವಾಗ, ಮಕ್ಕಳು ಪ್ರತಿ ಪುಟದಲ್ಲೂ ನಿಂತು ನಿಂತು ಹೋಗಲಿ ಎಂದು ತಾನೇ ಆಸೆಪಟ್ಟಿದ್ದಳಲ್ಲ, ಅನುಭವಿಸಬೇಕು.

ಕೊನೆಗೆ ಆ ಪುಟ ಬಂತು. ಅವಳು ಓದಲಿಲ್ಲ. "ಇದನ್ನ ನೀನು ಓದು," ಎಂದಳು.

ಚೋಟುವಿಗೆ ಓದಲು ಬರುತ್ತಿರಲಿಲ್ಲ, ಬಾಯಿಪಾಠ. "ಬೀಜ ಮಲಗುವ ಪೆಟ್ಟಿಗೆ. ಕೆಂಪು ಟೋಪಿ, ಹಳದಿ ಚಡ್ಡಿ. ಟೋಪಿ ತೆಗಿ, ಬೀಜ ಸುರಿ. ಟೋಪಿ ಹಾಕಿ ಎತ್ತಿದ ಜಾಗದಲ್ಲೇ ಇಡು. ಮುಂದಿನ ವರ್ಷ ಮತ್ತೆ ಬೀಜ ಬಂದು ಮಲಗಲಿ."

"ನೀನೂ ಟೋಪಿ ಹಾಕಿ ಅಲ್ಲೇ ಇಟ್ಯಾ, ಪುಟ್ಟಾ?"

ಹುಡುಗಿ ಅಮ್ಮನ ಮುಖವನ್ನು ಪರೀಕ್ಷಿಸಿದಳು. ಸಿಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಪಿಸುಗುಟ್ಟಿದಳು. "ಅಜ್ಜಿಗೆ ಹೇಳಬಾರದು ಆಯ್ತಾ? ಹೂ ಬಿಟ್ಟ ಮೇಲೆ ಒಂದೇ ಸಲ ತೋರಿಸೋದು."

"ಹೇಳಲ್ಲ. ಎಲ್ಲಾ ಪೆಟ್ಟಿಗೇನೂ ತೆಗೆದ್ಯಾ?"

"ಎಲ್ಲಾ. ಒಂದೂ ಬಿಟ್ಟಿಲ್ಲ. ಎಲ್ಲಾದಕ್ಕೂ ಸರಿಯಾಗಿ ಟೋಪಿ ಹಾಕಿದೀನಿ."

"ಇವತ್ತು ಬಂತಲ್ಲ, ಹೊಸ ಸೀಸೆ?"

"ಅದರ ಮುಚ್ಚಳ ತುಂಬಾ ಗಟ್ಟಿ," ಎಂದಳು ಚೋಟು ದುಃಖದಿಂದ. "ಬರಲೇ ಇಲ್ಲ."

ಅಂದರೆ ಅಷ್ಟು ದಿನ ಅತ್ತೆ ನುಂಗಿದ್ದು ಬರೀ ಟೋಪಿ, ಬರೀ ಚಡ್ಡಿ. ಇಂದು ನುಂಗಲಿರುವುದು ತುಂಬಿದ್ದು, ಎರಡು.

"ಔಷಧ ಹೋಗಿಲ್ಲ. ಖಚಿತ," ಎಂದು ಡಾಕ್ಟರಮ್ಮನಿಗೆ ಹೇಳಿದಳು.

"ಯಾಕೆ ಏನು ಅಂತ ಆಮೇಲೆ ಕೇಳ್ತೀನಿ. ನುಂಗಿಸಬೇಡಿ. ಇಲ್ಲಿಗೆ ಕರ್ಕೊಂಡು ಬನ್ನಿ."

ನಿಲ್ದಾಣದ ವಿಚಾರಣೆ ಕೌಂಟರಿಗೆ ಫೋನ್ ಹಚ್ಚಿದಳು. ಎತ್ತಿದವನ ದನಿಯಲ್ಲಿ ಜಗತ್ತಿನ ಬೇಸರವೆಲ್ಲ ಇತ್ತು.

"ಯಾವ ಊರಿನ ಬಸ್ಸು?"

"ಬಸ್ಸಲ್ಲ ಸಾರ್. ನಿಮ್ಮ ಕ್ಯಾಂಟೀನಲ್ಲಿ ಒಬ್ಬರು..."

"ಇಲ್ಲಿ ಬಸ್ಸಿನ ವಿಚಾರ ಮಾತ್ರ ಹೇಳೋದು."

"ಸಾರ್, ಸೀಟಿಯಮ್ಮ ಅಂತ ಗೊತ್ತಾ? ಕಂಡಕ್ಟರ್ ಆಗಿದ್ದರು."

ಅತ್ತ ಕುರ್ಚಿ ಕಿರುಗುಟ್ಟಿತು. "ಅವರ ಕೈಕೆಳಗೆ ಕೆಲಸ ಕಲಿತವನು ನಾನು. ಬೆನ್ನ ಮೇಲೆ ಗುದ್ದು ಇನ್ನೂ ಇದೆ. ಏನಾಯ್ತು?"

ಅವಳು ಹೇಳಿದಳು. ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಆಮೇಲೆ ಧ್ವನಿವರ್ಧಕದ ಕರಕರ. ಇಡೀ ನಿಲ್ದಾಣಕ್ಕೆ ಹರಡಿದ ಆ ಗಂಭೀರ ದನಿ ಫೋನಿನಲ್ಲೂ ಸಣ್ಣಗೆ ಕೇಳಿಸಿತು: "ಪ್ರಯಾಣಿಕರ ಗಮನಕ್ಕೆ. ನಿವೃತ್ತ ಕಂಡಕ್ಟರ್ ಸೀಟಿಯಮ್ಮನವರು ನಿಲ್ದಾಣದಲ್ಲಿ ಎಲ್ಲಿದ್ದರೂ ಗುಳಿಗೆ ನುಂಗಬಾರದಾಗಿ ಕೋರಲಾಗಿದೆ. ನುಂಗಬಾರದಾಗಿ ಕೋರಲಾಗಿದೆ."

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಕೇಳಿಸಿತೋ ಇಲ್ಲವೋ ನೋಡಿಕೊಂಡು ಬರಲು ಅವನು ಎದ್ದು ಹೋದ. ಮತ್ತೆ ಫೋನಿಗೆ ಬರಲಿಲ್ಲ. ಲೈನು ಕಡಿಯಿತು.

ಅವಳು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹಾರಿ ಟ್ಯಾಕ್ಸಿ ಹಿಡಿದಳು. ಪ್ರತಿ ಸಿಗ್ನಲ್ಲೂ ಅವಳನ್ನೇ ಕಾಯುತ್ತಿದ್ದಂತೆ ಕೆಂಪಾಯಿತು. ಅವಳ ತಲೆಯಲ್ಲಿ ಒಂದೇ ಚಿತ್ರ: ಕ್ಯಾಂಟೀನಿನ ಬೆಂಚು, ಒರಗಿದ ತಲೆ, ಸುತ್ತ ಜನ. ಮನೆಗೆ ಬಂದ ಹೊಸದರಲ್ಲಿ ಅತ್ತೆಯ ಬಾಯಿಗೆ ಹೆದರಿ ಅಡುಗೆಮನೆಯಲ್ಲಿ ಅಡಗುತ್ತಿದ್ದವಳು ಅವಳು. ಆ ಬಾಯಿ ಮುಚ್ಚಿಹೋದರೆ ಮನೆಯಲ್ಲಿ ಹೇಗೆ ಬದುಕುವುದೆಂದು ಈಗ ತಿಳಿಯಲಿಲ್ಲ. ಅತ್ತೆಯನ್ನು ತಾನು ಇಷ್ಟೊಂದು ಹಚ್ಚಿಕೊಂಡಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

"ಅಜ್ಜಿಗೆ ಪುಸ್ತಕ ತೋರಿಸೋಕೆ ಹೋಗ್ತಿದೀವಾ?" ಎಂದಳು ಚೋಟು. ಪುಸ್ತಕ ಅವಳ ಕಂಕುಳಲ್ಲೇ ಇತ್ತು.

ಕ್ಯಾಂಟೀನಿನ ಮುಂದೆ ಜನ ಗುಂಪುಗೂಡಿದ್ದರು. ಅವಳು ಮಗುವನ್ನು ಅವಚಿಕೊಂಡು ಮುನ್ನುಗ್ಗಿದಳು. ಗುಂಪಿನ ನಡುವಿನಿಂದ ಗುಡುಗು ಕೇಳಿದ ಮೇಲೆ ಜೀವ ಮರಳಿತು.

"ಮೈಕಲ್ಲಿ ಹಾಕಿಸ್ತಾಳಂತೆ! ನನ್ನ ಗುಳಿಗೆ ಊರಿಗೆಲ್ಲ ಟಾಂಟಾಂ! ಇಷ್ಟು ವರ್ಷ ಸಂಪಾದಿಸಿದ ಮಾನ ಒಂದೇ ದಿನಕ್ಕೆ ಹರಾಜು. ಬರಲಿ ಅವಳು!"

ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಅಂಗೈಯಲ್ಲಿ ಒಂದು ಗುಳಿಗೆ.

"ಅತ್ತೆ, ಇನ್ನೊಂದು?"

"ಒಂದು ಗಂಟಲು ಇಳಿದ ಮೇಲೆ ಅವನು ಕೂಗಿದ್ದು. ಏನೇ ಇದೆಲ್ಲ ನಾಟಕ?"

ಸೊಸೆ ಬಗ್ಗಿ ಅವರ ಕಿವಿಯಲ್ಲಿ ಎಲ್ಲ ಹೇಳಿದಳು. ಅತ್ತೆಯ ಮುಖದ ಸಿಟ್ಟು ಅಲ್ಲೇ ನಿಂತುಹೋಯಿತು. ಅವರು ಮೊಮ್ಮಗಳ ಕಡೆ ನೋಡಿದರು. ಅವಳ ಉಗುರುಗಳಲ್ಲಿ ಇನ್ನೂ ಮಣ್ಣಿತ್ತು. ಅತ್ತೆ ಅಂಗೈಯ ಗುಳಿಗೆಯನ್ನು ಸೀಸೆಗೆ ಹಾಕಿ, ಸೊಸೆಯ ಭುಜ ಹಿಡಿದು ಎದ್ದರು. ಏಳುವಾಗ ಒಮ್ಮೆ ತೂರಾಡಿದರು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಯಂತ್ರದ ಮುಂದೆ ಮಲಗಿಸಿದರು. ಬೆಳಿಗ್ಗೆ ಓಡುತ್ತಿದ್ದ ಎದೆ ಈಗ ನಡೆಯಿತು, ಆಮೇಲೆ ಕುಂಟತೊಡಗಿತು. ಪರದೆಯ ಮೇಲಿನ ಅಂಕಿ ಇಳಿದಂತೆಲ್ಲ ಅತ್ತೆಯ ಮಾತು ಕಡಿಮೆಯಾಯಿತು, ಕೊನೆಗೆ ಪೂರ್ತಿ ನಿಂತಿತು. ನರ್ಸು ಓಡಿಬಂದು ತೋಳಿಗೆ ಚುಚ್ಚಿದಳು. ಡಾಕ್ಟರಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. ಸೊಸೆ ಅತ್ತೆಯ ಪಾದ ಹಿಡಿದು ನಿಂತಳು, ಅದು ತಣ್ಣಗಿತ್ತು. ಅಂಕಿ ಇಳಿದು, ನಿಂತು, ಯೋಚಿಸಿದಂತೆ ಮಾಡಿ, ಮೆಲ್ಲಗೆ ಹತ್ತಿತು. ಮತ್ತೆ ಇಳಿಯಲಿಲ್ಲ.

"ನೀರು ಕೊಡ್ರೇ ಯಾರಾದ್ರೂ," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. ಸೊಸೆ ಅತ್ತುಬಿಟ್ಟಳು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಇನ್ನು ಭಯ ಇಲ್ಲ. ಎರಡೂ ನುಂಗಿದ್ರೆ ನಾವು ಹೀಗೆ ಕೂತು ಮಾತಾಡ್ತಿರಲಿಲ್ಲ. ಈಗ ಹೇಳಿ. ಇಷ್ಟು ದಿನ ಔಷಧ ಎಲ್ಲಿ ಹೋಯ್ತು?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು.

"ನಾನೇ ನುಂಗ್ತಿರಲಿಲ್ಲ. ಬೇಜಾರು ಬಂದುಬಿಟ್ಟಿತ್ತು. ಬಾಯಿಗೆ ಹಾಕ್ಕೊಂಡ ಹಾಗೆ ಮಾಡಿ ಬಚ್ಚಲಿಗೆ ಉಗೀತಿದ್ದೆ."

"ಬೆಳಿಗ್ಗೆ ಕೇಳಿದಾಗ ಅಷ್ಟು ಜೋರು ಮಾಡಿದ್ರಿ?"

"ಸುಳ್ಳು ಹೇಳಿದೆ."

ಡಾಕ್ಟರಮ್ಮ ಬಾಯಿಗೆ ಬಂದಂತೆ ಬೈದರು. ಈ ವಯಸ್ಸಿನಲ್ಲಿ ಬುದ್ಧಿ ಬೇಡವೇ, ಮನೆಯವರ ಜೀವ ತೆಗೆಯುತ್ತೀರಾ ಎಂದೆಲ್ಲ. ಜೀವಮಾನದಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಸೀಟಿಯಮ್ಮ, ತಲೆ ತಗ್ಗಿಸಿ ಅಷ್ಟನ್ನೂ ಹೊಟ್ಟೆಗೆ ಹಾಕಿಕೊಂಡರು. ಹೊದಿಕೆಯ ಅಡಿಯಲ್ಲಿ ಅವರ ಕೈ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಬಾಯಿ ಬಿಡಬೇಡ ಎಂದು ಅದರ ಅರ್ಥ. ಮಗುವಿಗೆ ತಿಳಿಯಬಾರದು. ಅಜ್ಜಿಯನ್ನು ತಾನು ಸಾವಿನ ಬಾಗಿಲಿಗೆ ತಳ್ಳಿದ್ದೆನೆಂದು ಒಂದು ಮಗು ಯಾಕೆ ಜನ್ಮವಿಡೀ ಹೊರಬೇಕು?

ಅವರ ಲೆಕ್ಕ ತಪ್ಪಿದ್ದು ಒಂದೇ ಕಡೆ. ಅಜ್ಜಿಯನ್ನು ಯಾರೋ ಬೈಯುವುದನ್ನು ಚೋಟು ಸಹಿಸುವವಳಲ್ಲ.

"ಅಜ್ಜಿ ದಿನಾ ನುಂಗ್ತಿತ್ತು!" ಎಂದು ಮಂಚದ ಕಾಲಿನ ಬಳಿಯಿಂದ ಕೂಗಿದಳು. "ನಾನು ನೋಡಿದೀನಿ. ಅಜ್ಜಿ ಸುಳ್ಳು ಹೇಳಲ್ಲ!"

ಡಾಕ್ಟರಮ್ಮ ಮಗುವನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಕಣ್ಣು ಸೊಸೆಯ ಮೇಲೆ ಬಂದು ನಿಂತಿತು. ಮಣಿಕಟ್ಟಿನ ಮೇಲಿನ ಹಿಡಿತ ಇನ್ನೂ ಬಿಗಿಯಾಯಿತು.

ಸೊಸೆಗೆ ಆಗ ತನ್ನ ಮೇಲೆಯೇ ಹೇಸಿಗೆಯಾಯಿತು. ಮುದುಕಿ ಮಗುವನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ, ಮಗು ಮುದುಕಿಯನ್ನು ಉಳಿಸಲು ಅರಚುತ್ತಿದೆ. ಮಾಡಿದವಳು ಮಾತ್ರ ಸೆರಗಲ್ಲಿ ಕಣ್ಣೊರೆಸಿಕೊಂಡು ನಿಂತಿದ್ದಾಳೆ. ಅವಳು ಅತ್ತೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಮಗಳ ಕಂಕುಳಿನಿಂದ ಪುಸ್ತಕ ತೆಗೆದು ಆ ಪುಟ ಬಿಡಿಸಿ ಡಾಕ್ಟರಮ್ಮನ ಮುಂದೆ ಇಟ್ಟಳು.

"ಅತ್ತೆ ತಪ್ಪಿಸಿಲ್ಲ. ಮಗು ತಪ್ಪು ಮಾಡಿಲ್ಲ, ನಾನು ಬರೆದ ಹಾಗೆ ಮಾಡಿದಾಳೆ. ಬೀಜ ಹೇಗಿರತ್ತೆ ಅಂತ ನೋಡೋ ತಾಳ್ಮೆ ನನಗಿರಲಿಲ್ಲ. ಗುಳಿಗೆ ನೋಡಿ ಬೀಜ ಬರೆದೆ. ಕಾಳು ಸುರಿದು, ಮತ್ತೆ ಮುಚ್ಚಿ ಅಲ್ಲೇ ಇಡು ಅಂತಾನೂ ಬರೆದೆ."

ಬೈಗುಳಕ್ಕೆ ತಲೆ ಬಗ್ಗಿಸಿ ಕಾದಳು. ಬೈಗುಳ ಬರಲಿಲ್ಲ. ಡಾಕ್ಟರಮ್ಮ ಪುಟವನ್ನೇ ನೋಡುತ್ತಿದ್ದರು. ಕೆಂಪು ಟೋಪಿಯ ಮೇಲೆ ಒಂದು ಬೆರಳಿಟ್ಟರು, ತೆಗೆದರು. ಅವರ ಮುಖದ ಬಣ್ಣ ಇಳಿದುಹೋಗಿತ್ತು.

"ಈ ಪುಸ್ತಕ ನಮ್ಮ ಮನೇಲೂ ಇದೆ," ಎಂದರು. "ನನ್ನ ಮಗನ ಶಾಲೇಲಿ ಎಲ್ಲರಿಗೂ ಕೊಟ್ಟಿದಾರೆ. ಬಾಲ್ಕನಿ ತುಂಬ ಕುಂಡ ಇಟ್ಟಿದಾನೆ."

ಮಾತಾಡುತ್ತಲೇ ಕೈ ಜೇಬಿನಲ್ಲಿ ಫೋನ್ ಹುಡುಕುತ್ತಿತ್ತು. "ನಮ್ಮಪ್ಪ ನನ್ನ ಜೊತೇನೇ ಇದಾರೆ. ಅವರದೂ ಇಂಥದೇ ಗುಳಿಗೆ."

ಅವರು ಮನೆಗೆ ಫೋನ್ ಹಚ್ಚಿ ಕಿವಿಗೊತ್ತಿಕೊಂಡರು. ಕೋಣೆಯಲ್ಲಿದ್ದ ಎಲ್ಲರಿಗೂ ಅತ್ತ ಗಂಟೆ ಹೊಡೆಯುವುದು ಕೇಳಿಸುತ್ತಿತ್ತು.

ಅತ್ತೆ ದಿಂಬಿನಿಂದ ತಲೆಯೆತ್ತಿದರು. "ಏನು ನೋಡ್ತಾ ನಿಂತಿದೀಯೇ? ನಿನ್ನ ಪ್ರಕಾಶಕನಿಗೆ ಮಾಡು ಫೋನು!"

ಸೊಸೆ ಗೋಡೆಗೊರಗಿ ಅಂಕಿ ಒತ್ತಿದಳು. ಆ ಪುಸ್ತಕ ಅವಳಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟಿತ್ತು. ಪ್ರಕಾಶಕರು ಮೊದಲ ರಿಂಗಿಗೇ ಎತ್ತಿ ಅವಳಿಗೆ ಮಾತಾಡಲು ಬಿಡದೆ ಸಡಗರದಿಂದ ಹೇಳತೊಡಗಿದರು. "ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ನಿಮ್ಮನ್ನ ನೆನೆಸ್ಕೊಂಡೆ. ಇನ್ನೂ ಅಷ್ಟು ಶಾಲೆಯವರು ಕೇಳ್ತಿದಾರೆ. ಮತ್ತೆ ಅಚ್ಚು ಹಾಕಿಸ್ತಿದೀನಿ, ಆ ಪೆಟ್ಟಿಗೆ ಚಿತ್ರಾನೇ ಮುಖಪುಟಕ್ಕೆ."

"ನಿಲ್ಸಿ," ಎಂದಳು ಅವಳು. "ಯಂತ್ರ ನಿಲ್ಸಿ. ಪುಸ್ತಕ ಯಾವ ಯಾವ ಶಾಲೆಗೆ ಹೋಗಿದೆಯೋ ಎಲ್ಲದಕ್ಕೂ ಈಗಲೇ ಫೋನ್ ಮಾಡಬೇಕು. ಮಕ್ಕಳ ಮನೇಲಿರೋ ಗುಳಿಗೆ ಒಂದೊಂದನ್ನೂ ಬಿಚ್ಚಿ ನೋಡೋಕೆ ಹೇಳಬೇಕು. ಎಷ್ಟು ಮನೆಗೆ ಹೋಗಿದೆ ಪುಸ್ತಕ? ಹೇಳಿ, ಎಷ್ಟು ಮನೆ?"

ಪ್ರಕಾಶಕರು ಏನೋ ತೊದಲುತ್ತಿದ್ದರು. ಮಂಚದ ಆಚೆ ಡಾಕ್ಟರಮ್ಮ ಎದ್ದು ನಿಂತಿದ್ದರು. ಅವರ ಮನೆಯ ಫೋನನ್ನು ಇನ್ನೂ ಯಾರೂ ಎತ್ತಿರಲಿಲ್ಲ.